ದೀರ್ಘಾವಧಿ ಷೇರು ಹೂಡಿಕೆ ಮತ್ತು ತಂತ್ರಜ್ಞಾನದ ಬದಲಾವಣೆ

ಕಂಪನಿಯೊಂದರ ಷೇರು ಕೊಂಡು, ದಿನನಿತ್ಯದ ಏರಿಳಿತಕ್ಕೆ ಮಾರದೆ, ಅದರ ಗಳಿಕೆ ಮತ್ತು ಲಾಭಾಂಶಗಳ ಫಲವನ್ನು ಹತ್ತಾರು ವರ್ಷ ಪಡೆಯುವ ಕ್ರಮಕ್ಕೆ ದೀರ್ಘಾವಧಿ ಷೇರು ಹೂಡಿಕೆ ಎನ್ನುತ್ತಾರೆ. ಒಳ್ಳೆಯ ಕಂಪನಿಯನ್ನು ಆರಿಸಿ ತಾಳ್ಮೆಯಿಂದ ಕಾದರೆ ಸಾಕು ಎಂಬುದು ಇದರ ಬಗ್ಗೆ ಬಳಕೆಯಲ್ಲಿರುವ ನಂಬಿಕೆ. ಆದರೆ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ತಂತ್ರಜ್ಞಾನ ಹಲವು ಸಲ ಬದಲಾಗುತ್ತದೆ. ಇಂದಿನ ಒಳ್ಳೆಯ ಕಂಪನಿ ಅಷ್ಟು ಕಾಲ ಒಳ್ಳೆಯದಾಗಿಯೇ ಉಳಿಯುತ್ತದೆ ಎನ್ನುವಂತಿಲ್ಲ. ಷೇರುಪೇಟೆಯ ಚರಿತ್ರೆ ತೋರಿಸುವುದು ಇಷ್ಟು: ತಾಳ್ಮೆ ಬೇಕು, ಆದರೆ ಅದನ್ನು ಒಂದೇ ಷೇರಿನ ಮೇಲೆ ಇಡದೆ ಒಟ್ಟು ಪೇಟೆಯ ಮೇಲೆ ಇಡಬೇಕು. ಯಾವ ತಂತ್ರಜ್ಞಾನ ಗೆಲ್ಲುತ್ತದೆ ಎಂದು ಊಹಿಸುವುದಕ್ಕಿಂತ, ಯಾರು ಗೆದ್ದರೂ ಅದರಲ್ಲಿ ತನಗೊಂದು ಪಾಲು ಇರುವಂತೆ ಹಣ ಹಂಚುವುದು ಹೆಚ್ಚು ಭದ್ರವಾದ ದಾರಿ.

ಮುಂಬೈ ಷೇರುಪೇಟೆಯ ಸೆನ್ಸೆಕ್ಸ್ ಇದಕ್ಕೆ ಮೊದಲ ಸಾಕ್ಷಿ. 1986ರ ಜನವರಿಯಿಂದ ಪ್ರಕಟವಾಗುತ್ತಿರುವ, 30 ಕಂಪನಿಗಳ ಈ ಸೂಚ್ಯಂಕಕ್ಕೆ 1978-79 ಆಧಾರ ವರ್ಷ, 100 ಆಧಾರ ಅಂಕ. 2024ರ ಸೆಪ್ಟೆಂಬರಿನಲ್ಲಿ ಅದು 85,000 ದಾಟಿತು. ಲಾಭಾಂಶವನ್ನು ಸೇರಿಸದೆಯೂ ಇದು ವರ್ಷಕ್ಕೆ ಸುಮಾರು ಶೇ 16ರ ಚಕ್ರಬಡ್ಡಿಗೆ ಸಮ; ಹಣದುಬ್ಬರವನ್ನು ಕಳೆದರೂ ದೊಡ್ಡ ಗಳಿಕೆಯೇ. ಆದರೆ ಈ ಏರಿಕೆ ಮೊದಲ ಪಟ್ಟಿಯ 30 ಕಂಪನಿಗಳ ಸಾಧನೆಯಲ್ಲ. ಅಂದಿನ ಪಟ್ಟಿಯಲ್ಲಿ ಅಂಬಾಸಿಡರ್ ಕಾರಿನ ಹಿಂದುಸ್ತಾನ್ ಮೋಟರ್ಸ್ ಇತ್ತು, ಪದ್ಮಿನಿ ಕಾರಿನ ಪ್ರೀಮಿಯರ್ ಆಟೊಮೊಬೈಲ್ಸ್ ಇತ್ತು, ಬಟ್ಟೆಯ ಬಾಂಬೆ ಡೈಯಿಂಗ್, ಕಾಗದದ ಬಲ್ಲಾರ್‌ಪುರ್ ಇಂಡಸ್ಟ್ರೀಸ್ ಇದ್ದವು. ಸಾಫ್ಟ್‌ವೇರ್ ಕಂಪನಿ ಒಂದೂ ಇರಲಿಲ್ಲ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಹಿಂದುಸ್ತಾನ್ ಲೀವರ್, ಐಟಿಸಿ, ರಿಲಯನ್ಸ್‌ನಂಥ ಕೆಲವು ಉಳಿದುಕೊಂಡವು; ಮಿಕ್ಕ ಬಹುಪಾಲು ಜಾಗಕ್ಕೆ ಸಾಫ್ಟ್‌ವೇರ್, ಖಾಸಗಿ ಬ್ಯಾಂಕ್, ದೂರಸಂಪರ್ಕ ಕಂಪನಿಗಳು ಬಂದವು. ಸೂಚ್ಯಂಕ ಬೆಳೆದದ್ದು ಸೋತವರನ್ನು ಬಿಟ್ಟು ಗೆದ್ದವರನ್ನು ಸೇರಿಸಿಕೊಳ್ಳುತ್ತ ಬಂದದ್ದರಿಂದ. ಅಮೆರಿಕದಲ್ಲೂ ಹೀಗೆಯೇ ಆಯಿತು: 1896ರ ಮೊದಲ ಡೌ ಜೋನ್ಸ್ ಪಟ್ಟಿಯಲ್ಲಿದ್ದ ಜನರಲ್ ಎಲೆಕ್ಟ್ರಿಕ್ 2018ರಲ್ಲಿ ಆ ಸೂಚ್ಯಂಕದಿಂದ ಹೊರಬಿತ್ತು.

ಹೊಸ ತಂತ್ರಜ್ಞಾನವನ್ನು ಮೊದಲೇ ಗುರುತಿಸಿದರೆ ಹಣ ಮಾಡಬಹುದು ಎಂಬ ಮಾತು ತರ್ಕಬದ್ಧವಾಗಿ ಕೇಳಿಸುತ್ತದೆ. ಅದು ಮರೆಯುವುದು, ತಂತ್ರಜ್ಞಾನದ ಗೆಲುವು ಬೇರೆ, ಅದರಲ್ಲಿ ಹಣ ಹಾಕಿದವರ ಗೆಲುವು ಬೇರೆ ಎಂಬುದನ್ನು. ಬ್ರಿಟನ್ನಿನಲ್ಲಿ 1840ರ ದಶಕದಲ್ಲಿ ರೈಲ್ವೆ ಷೇರುಗಳಿಗೆ ಜನ ಮುಗಿಬಿದ್ದರು. ಬೆಲೆ ಕುಸಿದಾಗ ಸಾವಿರಾರು ಕುಟುಂಬಗಳು ಕೈ ಸುಟ್ಟುಕೊಂಡವು, ಆದರೆ ಹಾಕಿದ ಹಳಿಗಳು ದೇಶಕ್ಕೆ ಉಳಿದವು. ಭಾರತದ ಮೊಬೈಲ್ ಉದ್ಯಮದ ಕತೆಯೂ ಇದನ್ನೇ ಹೇಳುತ್ತದೆ. ಮುಂದಿನ ಕಾಲ ಮೊಬೈಲಿನದು ಎಂದು ಇಪ್ಪತ್ತು ವರ್ಷಗಳ ಹಿಂದೆ ಹೇಳಿದವರ ಮಾತು ಅಕ್ಷರಶಃ ನಿಜವಾಯಿತು. ಆದರೆ 2016ರ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಆರಂಭವಾದ ಮೇಲೆ ದರ ನೆಲಕಚ್ಚಿತು. ಏರ್‌ಸೆಲ್ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು, ಮರುವರ್ಷ ರಿಲಯನ್ಸ್ ಕಮ್ಯುನಿಕೇಷನ್ಸ್ ಅದೇ ಹಾದಿ ಹಿಡಿಯಿತು, ವೊಡಾಫೋನ್ ಮತ್ತು ಐಡಿಯಾ ಒಂದಾದರೂ ನಷ್ಟ ತಪ್ಪಲಿಲ್ಲ. ಅಗ್ಗದ ಡೇಟಾದ ಲಾಭ ಗ್ರಾಹಕರಿಗೆ ಹೋಯಿತು, ಹಲವು ಕಂಪನಿಗಳ ಷೇರುದಾರರಿಗೆ ಉಳಿದದ್ದು ಸಾಲದ ಲೆಕ್ಕ. ಪೈಪೋಟಿ ತೀವ್ರವಾಗಿರುವ ಕಡೆ ಹೊಸ ತಂತ್ರಜ್ಞಾನದ ಫಲ ಬಂಡವಾಳ ಹಾಕಿದವರ ಕೈಗೇ ಬರುತ್ತದೆ ಎನ್ನುವಂತಿಲ್ಲ. ತಂತ್ರಜ್ಞಾನದ ಹೊಡೆತಕ್ಕೆ ಷೇರುಪೇಟೆಗಳೂ ಹೊರತಲ್ಲ. 1994ರಲ್ಲಿ ರಾಷ್ಟ್ರೀಯ ಷೇರುಪೇಟೆ ಉಪಗ್ರಹ ಸಂಪರ್ಕದ ಮೂಲಕ ಕಂಪ್ಯೂಟರ್ ತೆರೆಯ ಮೇಲೆ ವಹಿವಾಟು ಶುರುಮಾಡಿದ ಮೇಲೆ ಪ್ರಾದೇಶಿಕ ಪೇಟೆಗಳಿಗೆ ಕೆಲಸವಿಲ್ಲದಂತಾಯಿತು. 1963ರಲ್ಲಿ ಸ್ಥಾಪನೆಯಾಗಿದ್ದ ಬೆಂಗಳೂರು ಷೇರುಪೇಟೆ 2014ರಲ್ಲಿ ಮುಚ್ಚಿತು.

ಎರಡನೆಯ ಅಡಚಣೆ ಬೆಲೆಯದು. ಗೆಲ್ಲುವ ಕಂಪನಿಯನ್ನೇ ಆರಿಸಿದರೂ ಕೊಟ್ಟ ಬೆಲೆ ಹೆಚ್ಚಾದರೆ ಕಾಯುವಿಕೆ ವ್ಯರ್ಥವಾಗಬಹುದು. ಇಂಟರ್ನೆಟ್ ಷೇರುಗಳ ಭರಾಟೆಯಲ್ಲಿ ಅಮೆರಿಕದ ನಾಸ್ಡಾಕ್ ಸೂಚ್ಯಂಕ 2000ದ ಮಾರ್ಚ್ 10ರಂದು 5,048ಕ್ಕೆ ಮುಟ್ಟಿ, 2002ರ ಅಕ್ಟೋಬರಿನಲ್ಲಿ 1,114ಕ್ಕೆ ಇಳಿಯಿತು. ಅಂದರೆ 100 ರೂಪಾಯಿ 22 ಆಯಿತು. ಶೇ 78 ಇಳಿದದ್ದು ಶೇ 78 ಏರಿದರೆ ಸರಿಹೋಗುವುದಿಲ್ಲ. 22 ಮತ್ತೆ 100 ಆಗಲು ನಾಲ್ಕೂವರೆ ಪಟ್ಟು ಬೆಳೆಯಬೇಕು. ಹಳೆಯ ಎತ್ತರವನ್ನು ಮತ್ತೆ ಕಾಣಲು ನಾಸ್ಡಾಕ್‌ಗೆ 2015ರವರೆಗೆ ಬೇಕಾಯಿತು. ಇಂಟರ್ನೆಟ್ಟಿಗೆ ಯಂತ್ರೋಪಕರಣ ಒದಗಿಸುತ್ತಿದ್ದ ಸಿಸ್ಕೊ ಆ ಮಾರ್ಚಿನಲ್ಲಿ ಕೆಲಕಾಲ ಜಗತ್ತಿನ ಅತಿ ಬೆಲೆಬಾಳುವ ಕಂಪನಿಯಾಗಿತ್ತು. ಅದರ ವ್ಯಾಪಾರ ಮುಂದೆ ಬಹಳ ಬೆಳೆದರೂ, ಎರಡು ದಶಕ ಕಳೆದಾಗಲೂ ಷೇರು ಹಳೆಯ ಬೆಲೆಗೆ ಮರಳಿರಲಿಲ್ಲ. ಬೆಂಗಳೂರಿನ ವಿಪ್ರೊ ಷೇರನ್ನು ಅದೇ ವರ್ಷದ ಫೆಬ್ರುವರಿಯ ಗರಿಷ್ಠ ಬೆಲೆಗೆ ಕೊಂಡವರೂ, ಕಂಪನಿಯ ಲಾಭ ಹಲವು ಪಟ್ಟು ಹೆಚ್ಚಿದರೂ, ಅಸಲು ಕಾಣಲು ದಶಕಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.

ಗೆದ್ದವರ ಉದಾಹರಣೆಗಳನ್ನು ಮುಂದಿಟ್ಟು ಈ ವಾದವನ್ನು ಅಲ್ಲಗಳೆಯುವವರಿದ್ದಾರೆ. ಇನ್ಫೊಸಿಸ್ 1993ರಲ್ಲಿ ಷೇರೊಂದಕ್ಕೆ 95 ರೂಪಾಯಿಯಂತೆ ಸಾರ್ವಜನಿಕರಿಗೆ ನೀಡಿತು. ಆಗ 100 ಷೇರು ಕೊಂಡು, ಬೋನಸ್ ಷೇರುಗಳನ್ನೂ ಸೇರಿಸಿ ಇಟ್ಟುಕೊಂಡವರ 9,500 ರೂಪಾಯಿ ಇಂದು ಕೋಟಿಗಳ ಲೆಕ್ಕದಲ್ಲಿದೆ. ಗಾಳಿ ಬಂದಾಗ ತೂರಿಕೊಳ್ಳಬೇಕಲ್ಲವೇ ಎಂದು ಅವರು ಕೇಳುತ್ತಾರೆ. ಆದರೆ ಆ ಗಾಳಿ ಅಂದು ಯಾರಿಗೂ ಕಾಣಿಸಿರಲಿಲ್ಲ: ಆ ಷೇರುಗಳಿಗೆ ಸಾಕಷ್ಟು ಅರ್ಜಿ ಬರದೆ ಅಮೆರಿಕದ ಹೂಡಿಕೆ ಬ್ಯಾಂಕ್ ಮಾರ್ಗನ್ ಸ್ಟ್ಯಾನ್ಲಿ ದೊಡ್ಡ ಪಾಲು ಕೊಂಡು ದಡ ಸೇರಿಸಬೇಕಾಯಿತು. ಅದೇ ವರ್ಷಗಳಲ್ಲಿ ಜನರಿಂದ ಹಣ ಎತ್ತಿ ವಿಳಾಸವಿಲ್ಲದೆ ಹೋದ ಕಂಪನಿಗಳು ಎಷ್ಟೆಂದರೆ, ಕಣ್ಮರೆಯಾದ ಕಂಪನಿಗಳೆಂದು ಸರ್ಕಾರವೇ ಪಟ್ಟಿ ಮಾಡಬೇಕಾಯಿತು. ಅವುಗಳ ಷೇರುದಾರರೂ ತಾಳ್ಮೆಯಿಂದಲೇ ಕಾದಿದ್ದರು. ಅರ್ಥಶಾಸ್ತ್ರಜ್ಞ ಹೆಂಡ್ರಿಕ್ ಬೆಸೆಂಬೈಂಡರ್ 1926ರಿಂದ 2016ರವರೆಗಿನ ಅಮೆರಿಕದ ಷೇರುಗಳನ್ನೆಲ್ಲ ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಂಕಿಯಲ್ಲಿ ಹೇಳುತ್ತದೆ: ಪೇಟೆ ಒಟ್ಟಾರೆ ಸೃಷ್ಟಿಸಿದ ನಿವ್ವಳ ಸಂಪತ್ತೆಲ್ಲ ಶೇ 4ರಷ್ಟು ಕಂಪನಿಗಳಿಂದ ಬಂದದ್ದು, ಉಳಿದವು ಒಟ್ಟಾಗಿ ಸರ್ಕಾರದ ಅಲ್ಪಾವಧಿ ಸಾಲಪತ್ರದಷ್ಟೇ ಗಳಿಸಿದವು. ಗೆಲ್ಲುವವರು ಇಷ್ಟು ವಿರಳವಾಗಿರುವಾಗ ಹತ್ತು ಷೇರು ಆರಿಸಿದವರಿಗೆ ಅವರಲ್ಲಿ ಒಬ್ಬರೂ ಸಿಗದೆ ಹೋಗುವ ಸಾಧ್ಯತೆ ದೊಡ್ಡದು. ಇಡೀ ಪೇಟೆಯನ್ನು ಹಿಡಿದವರಿಗೆ ಆ ಅಪಾಯವಿಲ್ಲ.

ಸೂಚ್ಯಂಕವನ್ನು ಅನುಸರಿಸುವ ಇಂಡೆಕ್ಸ್ ಫಂಡ್‌ಗಳ ಮೇಲೆ ಇನ್ನೊಂದು ಆಕ್ಷೇಪವಿದೆ. ಮಾರುಕಟ್ಟೆ ಮೌಲ್ಯದ ಪ್ರಕಾರ ತೂಕ ಕೊಡುವುದರಿಂದ, ಬೆಲೆ ಏರಿದ ಷೇರಿಗೇ ಅವುಗಳಲ್ಲಿ ಹೆಚ್ಚು ಹಣ ಇರುತ್ತದೆ. ಕೃತಕ ಬುದ್ಧಿಮತ್ತೆಯ ಇಂದಿನ ಉತ್ಸಾಹ ಇಳಿದರೆ ಅವೂ ಇಳಿಯುತ್ತವೆ. ಈ ಮಾತು ಸರಿ. ಕುಸಿತದಿಂದ ಪಾರಾಗುವ ಉಪಾಯ ಸೂಚ್ಯಂಕದಲ್ಲಿಲ್ಲ. ಆದರೆ ಕುಸಿತದ ನಂತರ ಏಳುವವರು ಅದರೊಳಗೇ ಇರುತ್ತಾರೆ: 2000ದ ಬಳಿಕ ಅಮೆಜಾನ್ ಷೇರು ಶೇ 90ಕ್ಕೂ ಹೆಚ್ಚು ಇಳಿದು, ಮುಂದೆ ಪೇಟೆಯನ್ನೇ ಎತ್ತಿದ ಕಂಪನಿಗಳಲ್ಲಿ ಒಂದಾಯಿತು. ಪರಿಣತ ನಿರ್ವಾಹಕರು ಇದಕ್ಕಿಂತ ಚೆನ್ನಾಗಿ ಆರಿಸುತ್ತಾರೆ ಎನ್ನಲು ಆಧಾರ ದುರ್ಬಲ. ಅಮೆರಿಕದಲ್ಲಿ ಹದಿನೈದು ವರ್ಷದಂಥ ದೀರ್ಘ ಅವಧಿಗಳಲ್ಲಿ ಬಹುಪಾಲು ಫಂಡ್‌ಗಳು ಸೂಚ್ಯಂಕಕ್ಕಿಂತ ಹಿಂದೆ ಬಿದ್ದಿವೆ. ಜಪಾನಿನ ಉದಾಹರಣೆ ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಅಲ್ಲಿನ ನಿಕೈ ಸೂಚ್ಯಂಕ 1989ರ ಡಿಸೆಂಬರಿನ 38,915ರ ಎತ್ತರವನ್ನು ದಾಟಿದ್ದು 2024ರ ಫೆಬ್ರುವರಿಯಲ್ಲಿ. ಒಂದು ದೇಶದ ಇಡೀ ಪೇಟೆಯೇ ಮೂವತ್ತನಾಲ್ಕು ವರ್ಷ ನಿರಾಸೆ ಮಾಡಬಹುದು ಎಂಬುದು ಇದರಿಂದ ಸ್ಪಷ್ಟ. ಹಾಗಾಗಿ ಹಣವನ್ನು ಒಂದೇ ಸಲ ಹಾಕದೆ ತಿಂಗಳು ತಿಂಗಳು ಎಸ್‌ಐಪಿ ಮೂಲಕ ಹಾಕುವುದು, ಸ್ವಲ್ಪ ಭಾಗವನ್ನು ಹೊರದೇಶದ ಷೇರುಗಳಲ್ಲೂ ಠೇವಣಿ, ಸಾಲಪತ್ರಗಳಲ್ಲೂ ಇಡುವುದು ಅಗತ್ಯ. ಇಳಿದ ಬೆಲೆಯಲ್ಲೂ ಕೊಳ್ಳುತ್ತ ಬಂದವರು ಎತ್ತರದಲ್ಲಿ ಎಲ್ಲವನ್ನೂ ಹಾಕಿದವರಷ್ಟು ಕಾಲ ಕಾಯಬೇಕಾಗುವುದಿಲ್ಲ.

ತಂತ್ರಜ್ಞಾನದ ದಿಕ್ಕು, ಪೇಟೆಯ ಒಲವು ಹೂಡಿಕೆದಾರರ ಕೈಯಲ್ಲಿಲ್ಲ. ವೆಚ್ಚ, ಹಂಚಿಕೆ, ಅವಧಿ ಅವರ ಕೈಯಲ್ಲಿವೆ. ಒಂದು ಲಕ್ಷ ರೂಪಾಯಿ ವರ್ಷಕ್ಕೆ ಶೇ 12ರಂತೆ 30 ವರ್ಷ ಬೆಳೆದರೆ ಸುಮಾರು 30 ಲಕ್ಷವಾಗುತ್ತದೆ, ಶೇ 11ರಂತೆ ಬೆಳೆದರೆ 23 ಲಕ್ಷಕ್ಕೂ ತುಸು ಕಡಿಮೆ. ಬರೇ ಶೇ 1ರ ಶುಲ್ಕ ಏಳು ಲಕ್ಷವನ್ನು ತಿನ್ನುತ್ತದೆ. ಮಗಳ ಕಾಲೇಜು ಶುಲ್ಕಕ್ಕೋ ಮನೆ ಕಟ್ಟಲಿಕ್ಕೋ ನಾಲ್ಕೈದು ವರ್ಷದೊಳಗೆ ಬೇಕಾಗುವ ಹಣವನ್ನು ಷೇರಿನಲ್ಲಿ ಇಡಬಾರದು. ಇಡಬಹುದಾದ ಹಣವನ್ನು ಕಡಿಮೆ ವೆಚ್ಚದಲ್ಲಿ, ಹಲವು ಉದ್ಯಮಗಳಲ್ಲಿ ಹಂಚಿ, ಕುಸಿತದ ದಿನಗಳಲ್ಲೂ ಹಿಂತೆಗೆಯದೆ ಬಿಡುವುದೇ ಸಾಮಾನ್ಯ ಸಂಪಾದನೆಯ ಕುಟುಂಬಕ್ಕೆ ದೀರ್ಘಾವಧಿ ಷೇರು ಹೂಡಿಕೆಯ ಅತ್ಯಂತ ಭದ್ರವಾದ ರೂಪ.