ತಕ್ಕಡಿ ಯಾರ ಕೈಯಲ್ಲಿ: ಆಕ್ಸ್‌ಫರ್ಡ್ ಪೇಟೆ ಮತ್ತು ವಿಶ್ವವಿದ್ಯಾಲಯ, 1209–1355

1355ರ ಫೆಬ್ರವರಿ 10, ಸಂತ ಸ್ಕೊಲಾಸ್ಟಿಕಾಳ ಹಬ್ಬ. ಆಕ್ಸ್‌ಫರ್ಡಿನ ಕಾರ್‌ಫ್ಯಾಕ್ಸ್ ಚೌಕದಲ್ಲಿದ್ದ ಸ್ವಿಂಡಲ್‌ಸ್ಟಾಕ್ ಎಂಬ ಪಾನಗೃಹದಲ್ಲಿ ವಾಲ್ಟರ್ ಸ್ಪ್ರಿಂಗ್‌ಹ್ಯೂಸ್, ರೋಜರ್ ಡಿ ಚೆಸ್ಟರ್‌ಫೀಲ್ಡ್ ಎಂಬಿಬ್ಬರು ವಿದ್ವಾಂಸರು ವೈನ್ ಸರಿಯಿಲ್ಲವೆಂದು ತಕರಾರು ತೆಗೆದರು. ಅಂಗಡಿಯವನು ಎದುರುತ್ತರ ಕೊಟ್ಟ. ವೈನಿನ ಪಾತ್ರೆ ಅವನ ತಲೆಗೇ ಬಿತ್ತು. ಪೇಟೆಯವರು ಸಂತ ಮಾರ್ಟಿನ್ ಚರ್ಚಿನ ಗಂಟೆ ಬಾರಿಸಿದರು, ವಿದ್ಯಾರ್ಥಿಗಳು ಸಂತ ಮೇರಿ ಚರ್ಚಿನದನ್ನು. ಸುತ್ತಲಿನ ಹಳ್ಳಿಗರೂ ಪೇಟೆಯವರ ಬೆಂಬಲಕ್ಕೆ ನುಗ್ಗಿದರು. ಕಾದಾಟ ಮೂರು ದಿನ ನಡೆಯಿತು. ವಿಶ್ವವಿದ್ಯಾಲಯದ ಕಡೆ 63 ಮಂದಿ, ಪೇಟೆಯ ಕಡೆ ಸುಮಾರು 30 ಮಂದಿ ಸತ್ತರೆಂಬುದು ರೂಢಿಯ ಲೆಕ್ಕ.

ಇದನ್ನು ಕುಡುಕರ ಜಗಳವೆಂದು ಬರೆದು ಮುಗಿಸುವವರೇ ಹೆಚ್ಚು. ನನ್ನ ಕಣ್ಣು ಆ ಪಾತ್ರೆಯ ಮೇಲಿದೆ. ಅದು ಒಂದು ಕ್ವಾರ್ಟ್ ಹಿಡಿಯುವ ಪಾತ್ರೆ. ಎಂದರೆ, ಅದೇ ಒಂದು ಅಳತೆ. ಪೇಟೆಯ ಅಳತೆ, ಬೆಲೆ, ಬಾಡಿಗೆಗಳನ್ನು ಯಾರು ಗೊತ್ತುಮಾಡಬೇಕೆಂಬ ಜಗಳಕ್ಕೆ ಆಗಲೇ ಒಂದೂವರೆ ಶತಮಾನ ವಯಸ್ಸಾಗಿತ್ತು.

1209ರಲ್ಲಿ ಪೇಟೆಯ ಹೆಂಗಸೊಬ್ಬಳ ಕೊಲೆಯಾಯಿತು. ಆರೋಪ ಹೊತ್ತ ವಿದ್ಯಾರ್ಥಿ ಪರಾರಿಯಾದ. ಅವನ ಜೊತೆ ಒಂದೇ ಮನೆಯಲ್ಲಿದ್ದವರನ್ನು ಹಿಡಿದು, ಜಾನ್ ದೊರೆಯ ಒಪ್ಪಿಗೆ ಪಡೆದು ಗಲ್ಲಿಗೇರಿಸಲಾಯಿತು. ಆಗ ಜಾನ್‌ಗೂ ಪೋಪ್‌ಗೂ ಬದ್ಧವೈರ. ಚರ್ಚಿನ ರಕ್ಷಣೆಯಲ್ಲಿದ್ದವರ ಪ್ರಾಣ ಅವನಿಗೆ ಭಾರವೆನಿಸಿರಲಾರದು. ಗುರುಶಿಷ್ಯರು ಊರು ಬಿಟ್ಟರು. ಅವರಲ್ಲಿ ಕೆಲವರು ನೆಲೆಸಿದ್ದೇ ಕೇಂಬ್ರಿಜ್.

ಬಾಡಿಗೆದಾರರಿಲ್ಲದ ಮನೆ, ಗಿರಾಕಿಯಿಲ್ಲದ ಅಂಗಡಿ ಎಷ್ಟು ದಿನ ನಡೆದೀತು? ಜಾನ್ ಪೋಪ್‌ಗೆ ಮಣಿದ ಮೇಲೆ, 1214ರಲ್ಲಿ, ಪೋಪ್‌ನ ಪ್ರತಿನಿಧಿ ನಿಕೊಲಸ್ ರಾಜಿಯ ಷರತ್ತು ವಿಧಿಸಿದ. ಹತ್ತು ವರ್ಷ ವಿದ್ಯಾರ್ಥಿಗಳ ಬಾಡಿಗೆ ಅರ್ಧಕ್ಕಿಳಿಯಬೇಕು. ಪೇಟೆಯವರು ಬಡ ವಿದ್ಯಾರ್ಥಿಗಳಿಗಾಗಿ ವರ್ಷಕ್ಕೆ 52 ಶಿಲ್ಲಿಂಗ್ ಕೊಡಬೇಕು. ಆಹಾರವನ್ನು ನ್ಯಾಯವಾದ ಬೆಲೆಗೆ ಮಾರಬೇಕು. ಸೆರೆಸಿಕ್ಕ ವಿದ್ಯಾರ್ಥಿಯನ್ನು ಚರ್ಚಿನ ಅಧಿಕಾರಿಗಳಿಗೆ ಒಪ್ಪಿಸಬೇಕು. ಮುಂದಿನ ಇತಿಹಾಸವೆಲ್ಲ ಈ ಒಂದು ಕಾಗದದಲ್ಲೇ ಇದೆಯೆಂದರೆ ಉತ್ಪ್ರೇಕ್ಷೆಯಲ್ಲ. ಆಕ್ಸ್‌ಫರ್ಡಿನ ಛಾನ್ಸಲರ್ ಎಂಬ ಹುದ್ದೆಯ ಮೊದಲ ಪ್ರಸ್ತಾಪ ಬರುವುದೂ ಇಲ್ಲೇ: ಪೇಟೆಯೊಂದಿಗಿನ ವ್ಯಾಜ್ಯದ ಪತ್ರದಲ್ಲಿ, ಪಾಠಪ್ರವಚನದ ಮಾತಿನಲ್ಲಲ್ಲ.

ಅಲ್ಲಿಂದಾಚೆಗೆ ಒಂದೊಂದು ಸನದಿನಲ್ಲೂ ವಿಶ್ವವಿದ್ಯಾಲಯ ಒಂದೊಂದು ಹೆಜ್ಜೆ ಮುಂದೆ ಸರಿಯಿತು. ಬ್ರೆಡ್ಡಿನ ತೂಕ, ಬಿಯರಿನ ಗುಣ ಪರೀಕ್ಷಿಸುವಾಗ ಛಾನ್ಸಲರ್ ಹಾಜರಿರಬಹುದೆಂದು 1248ರಲ್ಲಿ ಮೂರನೆಯ ಹೆನ್ರಿ ಒಪ್ಪಿದ. ವಿದ್ವಾಂಸನ ಮೇಲೆ ಪೇಟೆಯವನು ದೂರು ಕೊಟ್ಟರೆ ವಿಚಾರಣೆ ಛಾನ್ಸಲರನ ನ್ಯಾಯಾಲಯದಲ್ಲಿ. ಪ್ರತಿವಾದಿಯ ಕಡೆಯವರೇ ನ್ಯಾಯಪೀಠದಲ್ಲಿ! ಇದರ ಮೇಲೆ 1349ರ ಮಹಾಮಾರಿ ಪೇಟೆಯ ವ್ಯಾಪಾರದ ಬೆನ್ನು ಮುರಿದಿತ್ತು. 1355ರಲ್ಲಿ ಪೇಟೆಯವರ ಸಿಟ್ಟು ಏರಿದ್ದು ಈ ಒಣಗಿದ ಸೌದೆಯ ಮೇಲೆ.

ಕಾದಾಟದಲ್ಲಿ ಗೆದ್ದವರು ಪೇಟೆಯವರು. ಕಾಗದದಲ್ಲಿ ಪೂರ್ತಿ ಸೋತವರೂ ಅವರೇ. ಜೂನ್ ತಿಂಗಳಲ್ಲಿ ಮೂರನೆಯ ಎಡ್ವರ್ಡ್ ಕೊಟ್ಟ ಸನದು ಬ್ರೆಡ್, ಬಿಯರ್, ವೈನಿನ ತಪಾಸಣೆಯನ್ನೂ ತೂಕ-ಅಳತೆಯ ಅಧಿಕಾರವನ್ನೂ ಛಾನ್ಸಲರನಿಗೇ ಒಪ್ಪಿಸಿತು. ತಕ್ಕಡಿ ಗಿರಾಕಿಯ ಕೈಗೆ ಹೋಯಿತು. ಇನ್ನು ಅಂಗಡಿಯವನು ಏನೆಂದಾನು?

ಬಿಷಪ್ ವಿಧಿಸಿದ ಪ್ರಾಯಶ್ಚಿತ್ತ ಬೇರೆ. ಪ್ರತಿವರ್ಷ ಅದೇ ದಿನ ಮೇಯರ್ ಮತ್ತು ಊರಿನ 62 ಮಂದಿ ಸಂತ ಮೇರಿ ಚರ್ಚಿನ ಪ್ರಾರ್ಥನೆಗೆ ಬಂದು ತಲೆಗೊಂದು ಪೆನ್ನಿ ಅರ್ಪಿಸಬೇಕು. ಪೆನ್ನಿಯ ಮೊತ್ತ ದೊಡ್ಡದಲ್ಲ. ಎಲ್ಲರ ಕಣ್ಣೆದುರು ಕೊಡಬೇಕಾದದ್ದೇ ಶಿಕ್ಷೆ. ಸತ್ತವರ ಲೆಕ್ಕ 63ಕ್ಕೆ ಗಟ್ಟಿಯಾಗಿ ನಿಂತದ್ದರಲ್ಲಿ ಈ ವಾರ್ಷಿಕ ಎಣಿಕೆಯ ಪಾಲೂ ಇರಬಹುದೆಂದು ನನ್ನ ಊಹೆ.

1825ರಲ್ಲಿ ಆಗಿನ ಮೇಯರ್ ಹೋಗಲು ಒಪ್ಪಲಿಲ್ಲ, ಆಚರಣೆ ನಿಂತಿತು. 1955ರ ಫೆಬ್ರವರಿ 10ರಂದು, 600 ವರ್ಷ ತುಂಬಿದ ದಿನ, ವಿಶ್ವವಿದ್ಯಾಲಯ ಮೇಯರ್‌ಗೆ ಗೌರವ ಪದವಿ ಕೊಟ್ಟಿತು, ನಗರಸಭೆ ಕುಲಪತಿಗೆ ಗೌರವ ಪೌರತ್ವ ಕೊಟ್ಟಿತು. ಸ್ವಿಂಡಲ್‌ಸ್ಟಾಕ್ ಆಗ ಇರಲಿಲ್ಲ.