ಬೆಟ್ಟಕ್ಕೆ ಗಿಣ್ಣಿನ ಹೆಸರು

ಊರಹೆಸರುಗಳ ಬೆನ್ನು ಹತ್ತುವ ನಮ್ಮಂಥವರಿಗೆ ಒಂದು ಚಾಳಿ ಇದೆ: ದೊಡ್ಡ ಊರಿಗೆ ದೊಡ್ಡ ವ್ಯುತ್ಪತ್ತಿಯೇ ಇದ್ದೀತೆಂದು ಮೊದಲು ದೇವರನ್ನೋ ದೊರೆಯನ್ನೋ ಹುಡುಕುತ್ತೇವೆ. ಗ್ರೀಸಿನ ದಕ್ಷಿಣದಲ್ಲಿ, ತೈಗೆತೊಸ್ ಪರ್ವತದ ಮಗ್ಗುಲಿಗೆ ಆತುಕೊಂಡಿರುವ ಮಿಸ್ತ್ರಾಸ್ ಎಂಬ ಊರಿನ ಮುಂದೆ ಈ ಚಾಳಿ ನಡೆಯದು. 1449ರ ಜನವರಿಯಲ್ಲಿ ಬೈಜಾಂಟಿಯಂನ ಕಟ್ಟಕಡೆಯ ಚಕ್ರವರ್ತಿ ಹನ್ನೊಂದನೆಯ ಕಾನ್‌ಸ್ಟಂಟೈನ್ ಪಟ್ಟಕ್ಕೆ ಘೋಷಿತನಾದ ಊರಿದು; ಹೆಸರು ಮಾತ್ರ ಕುರಿಗಾಹಿಯ ಹಾಲಿನ ಮನೆಯಿಂದ ಬಂದದ್ದು.

ಮಿಜೀಥ್ರ ಎಂಬುದು ಅಲ್ಲಿಯ ಒಂದು ಗಿಣ್ಣು. ಗಿಣ್ಣು ಎಂದೊಡನೆ ನಮ್ಮ ನಾಲಗೆಗೆ ನೆನಪಾಗುವುದು ಕರು ಹಾಕಿದ ಹಸುವಿನ ಮೊದಲ ಹಾಲು, ಬೆಲ್ಲ, ಏಲಕ್ಕಿ. ಚೀಸಿಗೆ ಈ ಪದವನ್ನು ಅಂಟಿಸಿದ ಪಠ್ಯಪುಸ್ತಕದವರ ಮೇಲೆ ನನಗೆ ಹಳೆಯ ಮುನಿಸಿದೆ, ಆದರೂ ಸದ್ಯಕ್ಕೆ ಸಹಿಸೋಣ. ಕುರಿಯದೋ ಮೇಕೆಯದೋ ಹಾಲು ಒಡೆಸಿ ಗಟ್ಟಿ ತೆಗೆದುಕೊಂಡಮೇಲೆ ಉಳಿದ ತಿಳಿಗೆ ಒಂದಿಷ್ಟು ಹಾಲು ಬೆರೆಸಿ ಕಾಯಿಸುತ್ತಾರೆ. ಮೇಲೆ ಬಂದ ಬಿಳಿಯ ಗರಣೆಯನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕುತ್ತಾರೆ. ನೀರು ತೊಟ್ಟಿಕ್ಕಿ ಮುಗಿದಾಗ ಗಂಟು ಬಿಚ್ಚಿದರೆ ಬುಡ ಉರುಟು, ಕಟ್ಟಿದ ಕಡೆ ಚೂಪು. ತೈಗೆತೊಸ್‌ನಿಂದ ತುಸು ಬಿಡಿಯಾಗಿ ಎದ್ದುನಿಂತ, ಊರನ್ನು ಹೊತ್ತ ಗುಡ್ಡದ ಆಕಾರವೂ ಅದೇ ಎನ್ನುವುದು ಒಂದು ವಾದ.

ಇನ್ನೊಂದು ವಾದ ಪ್ರತ್ಯಯದ್ದು, ನನಗೆ ಹೆಚ್ಚು ರುಚಿಸುವಂಥದ್ದು. ಗಿಣ್ಣಿನ ಹೆಸರಲ್ಲಿ ಒತ್ತು ನಡುವೆ, ಮಿಜೀಥ್ರ; ಊರ ಹಳೆಯ ಹೆಸರಲ್ಲಿ ಒತ್ತು ಕೊನೆಗೆ, ಮಿಜಿಥ್ರಾಸ್. ಈ ‘-ಆಸ್’ ಮಧ್ಯಕಾಲದ ಗ್ರೀಕಿನಲ್ಲಿ ಕಸುಬಿನವರನ್ನು ಹೇಳುವ ಪ್ರತ್ಯಯ: ಪ್ಸೊಮಿ ಎಂದರೆ ರೊಟ್ಟಿ, ಪ್ಸೊಮಾಸ್ ಎಂದರೆ ರೊಟ್ಟಿಯವನು. ಹೂವಾಡಿಗ, ಹಾವಾಡಿಗ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಿದ್ದರೆ ಮಿಜಿಥ್ರಾಸ್ ಗುಡ್ಡವಲ್ಲ, ಗುಡ್ಡದ ಒಡೆಯ. ಗಿಣ್ಣು ಮಾಡುತ್ತಿದ್ದ ಅಥವಾ ಆ ಅಡ್ಡಹೆಸರು ಹೊತ್ತಿದ್ದ ಯಾವನೋ ಒಬ್ಬ. 1249ರಲ್ಲಿ ಫ್ರಾಂಕ್ ದೊರೆ ಎರಡನೆಯ ವಿಲಿಯಂ ಇಲ್ಲಿ ಕೋಟೆ ಕಟ್ಟಿಸಿದ. ‘ಮೊರೆಯ ವೃತ್ತಾಂತ’ ಎಂಬ 14ನೆಯ ಶತಮಾನದ ಪದ್ಯಕೃತಿಯ ಪ್ರಕಾರ ಆತ ಹೊಸ ಹೆಸರಿಡಲಿಲ್ಲ, ಜನ ಕರೆಯುತ್ತಿದ್ದುದನ್ನೇ ಇಟ್ಟುಕೊಂಡ. ಕೋಟೆ ಅವನ ಕೈಯಲ್ಲಿ ಬಹಳ ಕಾಲ ಉಳಿಯಲಿಲ್ಲ. ಯುದ್ಧದಲ್ಲಿ ಸೆರೆಸಿಕ್ಕವನು 1262ರಲ್ಲಿ ಬಿಡುಗಡೆಯ ಬೆಲೆಯಾಗಿ ಅದನ್ನು ಬೈಜಾಂಟಿಯನ್ನರಿಗೆ ಒಪ್ಪಿಸಿದ.

ಒತ್ತು ಕೊನೆಗೆ ಸರಿದದ್ದೇ ನಡುವಣ ಇಕಾರಕ್ಕೆ ಮುಳುವಾಯಿತು. ಮೊಸರನ್ನು ನಾವು ಮೊಸ್ರು ಎನ್ನುವ ಹಾಗೆ, ಹಳಗನ್ನಡದ ಪೆಸರ್ ಹೆಸರಾಗಿ ಬಾಯಲ್ಲಿ ಹೆಸ್ರಾಗುವ ಹಾಗೆ, ಅಲ್ಲಿಯೂ ಒತ್ತಿಲ್ಲದ ಸ್ವರ ಬಿತ್ತು. ಎದುರುಬದುರಾದ ವ್ಯಂಜನಗಳಲ್ಲಿ ಘೋಷ ಅಘೋಷಕ್ಕೆ ಸೋತು ‘ಜ’ಕಾರ ‘ಸ’ಕಾರವಾಯಿತು, ಅದರ ಪಕ್ಕದ ‘ಥ್’ ಆಡುಗ್ರೀಕಿನ ವಾಡಿಕೆಯಂತೆ ‘ತ್’ ಆಯಿತು, ಮಿಸ್ತ್ರಾಸ್ ಉಳಿಯಿತು. 1460ರಲ್ಲಿ ಊರು ಹಿಡಿದ ಒಟ್ಟೊಮನ್ನರ ಬಾಯಲ್ಲಿ ಮೆಜಿಸ್ತ್ರೆ, ಪಶ್ಚಿಮದ ಯಾತ್ರಿಕರ ಬರಹದಲ್ಲಿ ಮಿಸಿತ್ರ.

ಪಂಡಿತರಿಗೆ ಇದಾವುದೂ ಹಿಡಿಸಲಿಲ್ಲ. ಹಳೆಯ ಸ್ಪಾರ್ಟಾದ ಬಯಲು ಕೆಳಗೇ ಕಾಣುವಾಗ ಗಿಣ್ಣಿನ ಹೆಸರನ್ನು ಗ್ರಾಂಥಿಕ ಗ್ರೀಕಿನಲ್ಲಿ ಬರೆಯಲು ಯಾರಿಗೆ ಮನಸ್ಸು ಬಂದೀತು? ಅವರಿಗದು ಸ್ಪಾರ್ಟಾ, ಲಕೆದೈಮೊನ್. ಇಲ್ಲಿ ಪಾಠ ಹೇಳುತ್ತಿದ್ದ ತತ್ತ್ವಜ್ಞಾನಿ ಗೆಮಿಸ್ತೊಸ್ ಅಂತೂ ತನ್ನ ಹೆಸರನ್ನೇ ತಿದ್ದಿಕೊಂಡ: ಗೆಮಿಸ್ತೊಸ್ ಎಂದರೆ ತುಂಬಿದವನು, ಪ್ಲೆಥೋನ್ ಎಂದರೂ ಅದೇ ಅರ್ಥ, ಆದರೆ ಎರಡನೆಯದು ಹಳೆಯ ನುಡಿ, ಮೇಲಾಗಿ ಕಿವಿಗೆ ಪ್ಲೇಟೋ ಎಂದು ಕೇಳಿಸುತ್ತದೆ! ಅದೇ ಇಳಿಜಾರಿನಲ್ಲಿ 1428ರಲ್ಲಿ ಎದ್ದ ಪಂತಾನಸ್ಸ ದೇಗುಲದ ಹೆಸರನ್ನು ನಾವು ‘ಸರ್ವೇಶ್ವರಿ’ ಎಂದು ಅನುವಾದಿಸಬಹುದು. ಅದರೊಳಗಿನ ‘ಅನಸ್ಸ’ ಹೋಮರನ ಕಾಲದ ರಾಣಿ, ಅದರ ಗಂಡುರೂಪವಾದ ‘ವನಕ’ ಇನ್ನೂ ಹಿಂದಿನ ಮೈಸಿನೀಯ ಮಣ್ಣುಫಲಕಗಳಲ್ಲಿ ಸಿಗುತ್ತದೆ. ಮೂರು ಸಾವಿರ ವರ್ಷ ದಾಟಿದ ಆ ರಾಣಿಯೂ ಗಿಣ್ಣಿನವನ ಗುಡ್ಡದಲ್ಲೇ ಒಕ್ಕಲು.

1834ರಲ್ಲಿ ಹೊಸ ಗ್ರೀಸಿನ ಅರಸ ಒಟ್ಟೋ ಬಯಲಿನಲ್ಲಿ ಸ್ಪಾರ್ಟಾವನ್ನು ಮತ್ತೆ ಕಟ್ಟಲು ಆಜ್ಞೆ ಮಾಡಿದ. ಪಂಡಿತರ ಹೆಸರು ಅಂತೂ ನಿಜವಾದ ಬೀದಿಗಳನ್ನು ಪಡೆಯಿತು, ಮೇಲಿನ ಜನ ಇಳಿದುಹೋದರು. ಪಾಳುಬಿದ್ದ ಊರಿನ ಬುಡದಲ್ಲಿ ಈಗ ಒಂದು ಸಣ್ಣ ಹಳ್ಳಿ, ಹೆಸರು ಮಿಸ್ತ್ರಾಸ್. ಮೇಲೆ ಪಂತಾನಸ್ಸದಲ್ಲಿ ಕೆಲವು ಸನ್ಯಾಸಿನಿಯರು. ಗ್ರೀಸಿನ ಅಂಗಡಿಗಳಲ್ಲಿ ಮಿಜೀಥ್ರ ಇಂದಿಗೂ ಮಾರಾಟಕ್ಕಿದೆ, ಹಸಿಯದೂ ಸಿಗುತ್ತದೆ, ತುರಿಯುವಷ್ಟು ಒಣಗಿದ್ದೂ ಸಿಗುತ್ತದೆ. ಊರು ಕಳೆದುಕೊಂಡ ಆ ಇಕಾರ ಅಲ್ಲಿ ಒತ್ತಿನ ಸಮೇತ ಹಾಗೇ ಇದೆ.