ಕನ್ನಡ ಟಿವಿ ಹೈದರಾಬಾದಿನಲ್ಲಿ ಹುಟ್ಟಿತು

ಕನ್ನಡ ದೂರದರ್ಶನ ಎಂದರೆ 1981ರ ಬೆಂಗಳೂರು ಕೇಂದ್ರ ಎಂದೇ ಹೇಳುತ್ತಾರೆ. ಗಡಿಯಾಚೆಯ ಕನ್ನಡಿಗರಾದ ನಾವು ಹೈದರಾಬಾದನ್ನು ಮರೆಯುವಂತಿಲ್ಲ.

1975ರ ಆಗಸ್ಟ್ 1ರಂದು ‘ಸೈಟ್’ ಪ್ರಯೋಗ ಶುರುವಾಯಿತು. ಅಮೆರಿಕದಿಂದ ಒಂದು ವರ್ಷಕ್ಕೆ ಎರವಲು ಸಿಕ್ಕ ಎಟಿಎಸ್-6 ಉಪಗ್ರಹ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಅವುಗಳಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಅಲ್ಲಿಗೆ ಬೇಕಾದ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ತೆಲುಗಿನ ಜೊತೆಗೇ, ಹೈದರಾಬಾದಿನ ಕೇಂದ್ರದಲ್ಲಿ! ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ. ಬೆಳಿಗ್ಗೆ ಶಾಲಾ ಮಕ್ಕಳಿಗೆ. ಮೇಷ್ಟರಾದ ನಮಗೆ ಬೆಳಗಿನದೇ ದೊಡ್ಡದೆನಿಸುತ್ತದೆ. ಮನೆಗೆ ಬರುವ ಮೊದಲೇ ಟಿವಿ ಹಳ್ಳಿಶಾಲೆಯ ಮಕ್ಕಳೆದುರು ಕನ್ನಡದಲ್ಲಿ ಮಾತಾಡಿತ್ತಲ್ಲ!

1976ರ ಜುಲೈ 31ಕ್ಕೆ ಎರವಲು ಮುಗಿಯಿತು. 1977ರಲ್ಲಿ ಗುಲ್ಬರ್ಗಾಕ್ಕೇ ಪ್ರಸಾರ ಕೇಂದ್ರ ಬಂತು. ಅದರ ಅಲೆ ಮುಟ್ಟದ ಹಳ್ಳಿಗಳಲ್ಲಿ ಮಾತ್ರ ಪೆಟ್ಟಿಗೆ ಮೂಕವಾಯಿತು.